ಗೇಣಿಗೊಂದು ಮುಖ

"ಭಾಳ ಚೆಂದಾಗದೆ ಕಣವ್ವ" ಎಂದು ಅಜ್ಜಿ ಹೇಳಿದಾಗಲೇ ನನಗೆ ಅನುಮಾನ ಬಂತು. ಬಾಯಿ ಫೋಟೋವನ್ನು ಹೊಗಳುತ್ತಿತ್ತು. ಮುಖ ಮಾತ್ರ ಫೋಟೋ ತೂಗುಹಾಕಿದ ಮೊಳೆಯಿಂದ ಒಂದು ಮಾರು ಆಚೆ, ಬರೀ ಗೋಡೆಯ ಕಡೆಗೆ ತಿರುಗಿತ್ತು. ಅಜ್ಜಿಗೆ ಅದು ಕಾಣುತ್ತಿಲ್ಲವೆಂದು ನನಗೂ ಗೊತ್ತಾಯಿತು, ಪಕ್ಕದಲ್ಲಿ ನಿಂತಿದ್ದ ಅವರ ಮೊಮ್ಮಗಳಿಗೂ ಗೊತ್ತಾಯಿತು. ಇಬ್ಬರೂ ಸುಮ್ಮನೆ ಕಾಫಿ ಕುಡಿದೆವು.

ನಮ್ಮದು ಕೊಳ್ಳೇಗಾಲದಲ್ಲಿ ಒಂದು ಸ್ಟುಡಿಯೋ. ಯಜಮಾನರು ಕ್ಯಾಮೆರಾ ಹಿಡಿಯುತ್ತಾರೆ. ನಾನು ಕಂಪ್ಯೂಟರ್ ಮುಂದೆ ಕೂತು ಬಣ್ಣ ತಿದ್ದಿ, ಆಲ್ಬಮ್ ಜೋಡಿಸಿ, ಪ್ರಿಂಟಿಗೆ ಮೈಸೂರಿನ ಲ್ಯಾಬಿಗೆ ಕಳಿಸುತ್ತೇನೆ. ಈ ಅಜ್ಜಿ ರಾಮಾಪುರದವರು. ಆಸ್ಪತ್ರೆಗೆ ಹೋಗಬೇಕಾದರೆ ಲಾರಿಯೋ ಗಾಡಿಯೋ ಸಿಕ್ಕಬೇಕಿದ್ದ ಕಾಲದಿಂದ ಹೆರಿಗೆ ಮಾಡಿಸಿಕೊಂಡು ಬಂದ ಸೂಲಗಿತ್ತಿ. ನಮ್ಮತ್ತೆಯ ತವರೂ ರಾಮಾಪುರವೇ. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಹಾಗಾಗಿ ಧನಗೆರೆಯ ಸೊಸೆಯಾದ ನಮ್ಮತ್ತೆ ಅಲ್ಲಿಗೆ ಹೋಗಿದ್ದರು, ನಮ್ಮ ಯಜಮಾನರು ಈ ಅಜ್ಜಿಯ ಕೈಯಲ್ಲೇ ಭೂಮಿಗೆ ಬಿದ್ದರು. ಆ ಸಲಿಗೆಯಿಂದಲೇ ಮೊಮ್ಮಗಳು ನಮ್ಮನ್ನು ಹುಡುಕಿಕೊಂಡು ಬಂದದ್ದು.

ಮೊಮ್ಮಗಳು ಹನೂರಿನಲ್ಲಿ ನರ್ಸ್. ಅಜ್ಜಿಯ ಕಣ್ಣಿನೊಳಗೆ ಒತ್ತಡ ಏರಿ, ನೋಟ ಸುತ್ತಲಿಂದ ಕಿರಿದಾಗುತ್ತಾ ಬರುತ್ತಿದೆ, ಹೋದ ನೋಟ ವಾಪಸ್ ಬರುವುದಿಲ್ಲ, ಇದ್ದದ್ದೂ ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆಂದು ಆಕೆ ನೇರವಾಗಿ ಹೇಳಿದಳು. "ಅಜ್ಜಿ ಕೈಲಿ ಉಟ್ಟೋರ್ನೆಲ್ಲ ಒಂದೇ ಫೋಟೋದಲ್ಲಿ ತೋರುಸ್ಬೇಕು ಅಕ್ಕ. ಕಣ್ ಓಗೋದ್ರೊಳ್ಗೆ" ಎಂದಳು. ಅದೇನು ದೊಡ್ಡ ಕೆಲಸ ಎಂದುಕೊಂಡೆವು. ಊರವರನ್ನು ಶಾಲೆಯ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ ಯಜಮಾನರು ಒಂದು ಗುಂಪು ಫೋಟೋ ತೆಗೆದರು. ಲ್ಯಾಬಿನಲ್ಲಿ ಸಿಕ್ಕ ಅತಿ ದೊಡ್ಡ ಅಳತೆಯಲ್ಲಿ, ಮಿರಿಮಿರಿ ಹೊಳೆಯುವ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಗಾಜು ಕೂರಿಸಿ, ಚೌಕಟ್ಟು ಹಾಕಿಸಿ ಒಯ್ದೆವು. ಅದನ್ನೇ ಅಜ್ಜಿ ಗೋಡೆ ನೋಡುತ್ತಾ ಹೊಗಳಿದ್ದು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಬೆಂಕಿಯಾಗಿದ್ದೆ. ಯಜಮಾನರ ಮೇಲೂ ಸಿಟ್ಟು, ಲ್ಯಾಬಿನ ಮೇಲೂ ಸಿಟ್ಟು. "ಫ್ಲೆಕ್ಸ್ ಮಾಡ್ಸ್‌ಬುಡಾನ, ಗೋಡೆ ತುಂಬ" ಎಂದರು ಅವರು. ನಮ್ಮ ಕಡೆ ದೊಡ್ಡದು ಎಂದರೆ ಫ್ಲೆಕ್ಸ್ ಎಂದೇ ಅರ್ಥ. ನಾಮಕರಣಕ್ಕೂ ಫ್ಲೆಕ್ಸ್, ತಿಥಿಗೂ ಫ್ಲೆಕ್ಸ್. ರಸ್ತೆಯ ಆಚೆ ಬದಿಯಿಂದ ನೋಡಿದರೆ ಮುಖ, ಹತ್ತಿರ ಹೋದರೆ ಬಣ್ಣದ ಚುಕ್ಕಿ. ಅಜ್ಜಿ ರಸ್ತೆಯ ಆಚೆ ನಿಂತು ನೋಡುತ್ತಾರೇನ್ರೀ ಎಂದು ಕೇಳಿದೆ.

ಸ್ಟುಡಿಯೋಗೆ ಸ್ವಂತ ದೊಡ್ಡ ಪ್ರಿಂಟರ್ ಬೇಕು ಎಂಬ ಮಾತು ನಮ್ಮಲ್ಲಿ ಆಗಾಗ ಎದ್ದು ತಣ್ಣಗಾಗುತ್ತಿತ್ತು. ಅವತ್ತು ಅದು ತಣ್ಣಗಾಗಲು ನಾನು ಬಿಡಲಿಲ್ಲ. ಲ್ಯಾಬಿನವರಿಗೆ ಒಂದೊಂದು ಪ್ರಯೋಗಕ್ಕೂ ಫೈಲ್ ಕಳಿಸಿ, ಬಸ್ಸಿಗೆ ಪಾರ್ಸೆಲ್ ಹಾಕಿಸಿಕೊಂಡು, ಸರಿಯಿಲ್ಲ ಎಂದು ಮತ್ತೆ ಕಳಿಸುತ್ತಾ ಕೂತರೆ ಅಜ್ಜಿಯ ಕಣ್ಣು ನಮಗಾಗಿ ಕಾಯುತ್ತದೆಯೇ?

ಯಳಂದೂರಿನಲ್ಲಿ ಒಬ್ಬ ಹಿರಿಯರ ಸ್ಟುಡಿಯೋ ಇದೆ. ಡಾರ್ಕ್ ರೂಮಿನ ಕಾಲದಿಂದ ಈ ಕಸುಬಿನಲ್ಲಿರುವವರು. ಮದುವೆ ಆರ್ಡರುಗಳಲ್ಲಿ ಅವರು ನಮಗೆ ಎದುರಾಳಿ. ನಮ್ಮ ಗಿರಾಕಿ ಅವರ ಹತ್ತಿರ ಹೋಗಿದ್ದಾರೆ, ಅವರ ಗಿರಾಕಿ ನಮ್ಮ ಹತ್ತಿರ ಬಂದಿದ್ದಾರೆ. ಈ ಸುತ್ತಮುತ್ತ ನಾನು ಕಂಡಂತೆ ಒಳ್ಳೆಯ ಪ್ರಿಂಟರ್ ಇದ್ದದ್ದು ಅವರಲ್ಲಿ ಮಾತ್ರ. ಹೋಗಲೋ ಬೇಡವೋ ಎಂದು ಅಳುಕುತ್ತಲೇ ಹೋದೆ. ವಿಷಯ ಕೇಳಿ ಅವರು ಬೇರೆ ಗಿರಾಕಿ ಬಾರದಂತೆ ಅಂಗಡಿಯ ಮುಂಬಾಗಿಲು ಅರ್ಧ ಎಳೆದುಬಿಟ್ಟರು.

"ಕೂತ್ಕಳಿ ಅಮ್ಮ. ಮೊದ್ಲು ಇದನ್ನ ನೋಡಿ" ಎಂದು ಎರಡು ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟರು. ಎರಡರಲ್ಲೂ ಒಂದೇ ಚಿತ್ರ. ಒಂದು ನೀರಿನಂತೆ ಕರಗುವ ಡೈ ಇಂಕಿನದು, ಇನ್ನೊಂದು ನುಣ್ಣನೆಯ ಬಣ್ಣದ ಪುಡಿ ಬೆರೆತ ಪಿಗ್ಮೆಂಟ್ ಇಂಕಿನದು. ಬೆರಳನ್ನು ನೀರಿಗೆ ಅದ್ದಿ ಎರಡರ ಮೇಲೂ ಎಳೆದರು. ಮೊದಲನೆಯದರಲ್ಲಿ ಮದುಮಗಳ ಕುಂಕುಮ ಕೆನ್ನೆಗಿಳಿಯಿತು, ಎರಡನೆಯದು ಅಲುಗಲಿಲ್ಲ. ಹೊಳೆಯುವ ಕಾಗದಕ್ಕೆ ಒಂದು ಕಪ್ಪು ಇಂಕು, ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ ಬೇರೆ ಕಪ್ಪು ಇಂಕು ಎಂಬುದನ್ನೂ, ಆಷಾಢದಲ್ಲಿ ಮದುವೆಗಳಿಲ್ಲದೆ ಮೆಷಿನ್ ಸುಮ್ಮನೆ ನಿಂತರೆ ಇಂಕು ಒಣಗಿ ಅದನ್ನು ಚಿಮ್ಮುವ ಹೆಡ್ಡು ಕಟ್ಟಿಕೊಳ್ಳುವುದನ್ನೂ, ಅದಕ್ಕೇ ತಾವು ವಾರಕ್ಕೊಮ್ಮೆಯಾದರೂ ಮೊಮ್ಮಕ್ಕಳ ಫೋಟೋ ಹಾಕುವುದನ್ನೂ ಹೇಳಿದರು. ಕೊನೆಗೆ ತಮ್ಮ ಮೆಷಿನ್ನಿನ ತಲೆ ಸವರಿ, "ಇದ್ನ ಮಾತ್ರ ತಕಬ್ಯಾಡಿ. ಹದ್ನೇಳ್ ಇಂಚು ಅಗ್ಲ. ಬಣ್ಣ ದೇವ್ರಂಗೆ ಕೊಡ್ತದೆ, ಆದ್ರೆ ಉದ್ದ ಓಗಾಕಿಲ್ಲ, ಮೂರ್ ಮೀಟ್ರುಗೆ ನಿಂತೋಯ್ತದೆ. ನಾನ್ ತಕಳುವಾಗ ಅದ್ನ ಕೇಳ್ನಿಲ್ಲ" ಎಂದರು. ನಾಳೆ ತನಗೇ ಪೈಪೋಟಿಗೆ ನಿಲ್ಲುವವಳಿಗೆ ತನ್ನ ಯಂತ್ರದ ಕೊರತೆಯನ್ನು ಹೀಗೆ ಬಿಚ್ಚಿ ಹೇಳುವವರು ಎಷ್ಟು ಜನ ಇದ್ದಾರು? ಆ ಗಳಿಗೆಯಿಂದ ನನಗೆ ಅವರ ಮೇಲೆ ಬಂದ ಗೌರವ ಇನ್ನೂ ಇಳಿದಿಲ್ಲ.

ಅಳತೆಯ ಪಟ್ಟಿ ಮಾಡಿಕೊಂಡು ಹೋಗಿ ಎಂದದ್ದೂ ಅವರೇ. ಅಂಗಡಿಯವನು ಹೇಳಿದ ಅಳತೆ ಬೇಡ, ನೋಡುವವರ ಕಣ್ಣಿನ ಅಳತೆ ತಿಳಿದುಕೊಳ್ಳಿ ಎಂದರು. ಅವರ ಮೆಷಿನ್ನಿನಲ್ಲೇ ನಮ್ಮ ಯಜಮಾನರ ಮುಖವನ್ನು ಉಗುರಿನಷ್ಟು, ಬಿಸ್ಕತ್ತಿನಷ್ಟು, ಅಂಗೈಯಷ್ಟು, ಮೊರದಷ್ಟು ದೊಡ್ಡದಾಗಿ ಮುದ್ರಿಸಿಕೊಂಡೆ. ಹೊಳೆಯುವ ಕಾಗದದಲ್ಲಿ ಒಂದು ಜೊತೆ, ಮ್ಯಾಟ್ ಕಾಗದದಲ್ಲಿ ಒಂದು ಜೊತೆ. ಅಂಗೈ ಅಳತೆಯದರಲ್ಲಿ ಮಾತ್ರ ಎರಡು ಬಗೆ ಮಾಡಿದೆ. ಒಂದಕ್ಕೆ ಮದುವೆ ಆಲ್ಬಮ್ಮಿಗೆ ಹಚ್ಚುವಂತೆ ಮುಖ ಬೆಳ್ಳಗೆ ಮಾಡುವ ಮಾಮೂಲಿ ತಿದ್ದುಪಡಿ, ಇನ್ನೊಂದಕ್ಕೆ ಏನೂ ಇಲ್ಲ.

ಅವನ್ನೆಲ್ಲ ಕೊಳವೆಯಲ್ಲಿ ಸುತ್ತಿಕೊಂಡು ರಾಮಾಪುರಕ್ಕೆ ಹೋದೆ. ಈ ಸಲ ಒಬ್ಬಳೇ. ಅಜ್ಜಿ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಮೊಮ್ಮಗಳು ಪಕ್ಕದಲ್ಲಿದ್ದಳು. ಗಂಡನ ಫೋಟೋ ಎಂದು ಹೇಳದೆ ಮೊದಲು ಮೊರದಷ್ಟು ದೊಡ್ಡ ಮುಖವನ್ನು ಅಜ್ಜಿಯ ಮುಂದೆ ಹಿಡಿದೆ. ದೊಡ್ಡದಾದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಅಜ್ಜಿ ಕತ್ತನ್ನು ಅತ್ತ ಇತ್ತ ಆಡಿಸಿದರು. "ಮೂಗು ಕಾಣ್ತದೆ ಕಣವ್ವ. ಯಾರ್ ಮೂಗೋ ಏನೋ" ಎಂದರು.

ಮೊಮ್ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅಜ್ಜಿಯ ನೋಟ ಈಗ ಊದುಗೊಳವೆಯೊಳಗಿಂದ ನೋಡಿದ ಹಾಗೆ. ಅದರ ಬಾಯಿಗೆ ಹಿಡಿಸುವಷ್ಟೇ ಅವರಿಗೆ ಕಾಣುವುದು. ದೊಡ್ಡ ಮುಖ ತಂದು ಇಟ್ಟರೆ ಮೂಗೊಂದು ಸಲ, ಕಣ್ಣೊಂದು ಸಲ, ಕಿವಿಯೊಂದು ಸಲ ನೋಡಿ, ಎಲ್ಲವನ್ನೂ ತಲೆಯಲ್ಲಿ ಜೋಡಿಸಿಕೊಳ್ಳಬೇಕು. ಗೋಡೆ ತುಂಬುವ ಫ್ಲೆಕ್ಸ್ ಹಾಕಿಸಿದ್ದರೆ ಅವರಿಗೆ ಯಾರದೋ ಅಂಗಿಯ ಗುಂಡಿ ಕಾಣುತ್ತಿತ್ತು.

ಉಗುರಿನಷ್ಟರದನ್ನು "ಇರುವೆ ಅಂಗದೆ" ಎಂದು ತಳ್ಳಿದರು. ಅಂಗೈಯಷ್ಟರದು ಬಂದಾಗ ಹೊಳೆಯುವ ಕಾಗದವನ್ನು ಓರೆ ಮಾಡಿ, ನೆಟ್ಟಗೆ ಮಾಡಿ, ಬಿಳಿ ಬೆಳಕು ಕುಣಿಯುತ್ತದೆ ಎಂದು ಕೆಳಗಿಟ್ಟರು. ಮ್ಯಾಟ್ ಕಾಗದ ಕೊಟ್ಟಾಗ ಕೈ ನಿಂತಿತು. ಅದು ಬೆಳ್ಳಗೆ ಮಾಡಿದ್ದು. "ಇದ್ಯಾವ ಪ್ಯಾಟೆ ಹೈದನೋ. ನಮ್ಮೋನಲ್ಲ" ಎಂದರು. ಕೊನೆಗೆ ಏನೂ ಮುಟ್ಟದ ಮುಖ ಕೊಟ್ಟೆ. ಅದನ್ನು ಕಣ್ಣಿನ ಹತ್ತಿರ ತಂದು, ವಸಿ ದೂರ ಒಯ್ದು, ಮತ್ತೆ ಹತ್ತಿರ ತಂದರು. "ಅಯ್ಯೋ, ಇವ ಧನಗೆರೆಗೆ ಕೊಟ್ಟ ಉಡ್ಗೀದು. ಮೊದಲ್ನೇದು. ತಲೆ ದಪ್ಪ ಇತ್ತು ಕಣವ್ವ, ಅವ್ಳ ಜೀವ ಹಿಂಡ್ಬುಟ್ಟ" ಎಂದರು. ನಮ್ಮ ಯಜಮಾನರ ತಲೆಯ ಬಗ್ಗೆ ನನಗಿದ್ದ ಅಭಿಪ್ರಾಯಕ್ಕೆ ಅವತ್ತು ಸಾಕ್ಷಿ ಸಿಕ್ಕಿತು. ಆದರೆ ಆ ಸಂತೋಷ ಆಮೇಲೆ ಬಂದದ್ದು. ಆ ಕ್ಷಣಕ್ಕೆ ನನಗೆ ಬಂದದ್ದು ಅಳು.

ಅಜ್ಜಿ ಆ ಕಾಗದದ ಮೇಲೆ ಹೆಬ್ಬೆರಳಿಂದ ಕಿರುಬೆರಳಿಗೆ ಗೇಣು ಹಾಕಿದರು. ಮುಖ, ಹೆಗಲು ಎಲ್ಲ ಅದರೊಳಗೆ ಕೂತಿತು. ಬಸುರಿಯ ಹೊಟ್ಟೆಯ ಮೇಲೆ ಇದೇ ಗೇಣು, ಇದೇ ಬೆರಳು ಇಟ್ಟು ದಿನ ತುಂಬಿತೋ ಇಲ್ಲವೋ ಹೇಳುತ್ತಿದ್ದ ಕೈ ಅದು. "ಒಬ್ಬೊಬ್ರು ಒಂದೊಂದು ಗೇಣು ಇರ್ಲಿ. ಒಬ್ರುನ್ನ ನೋಡಿ ಆದ್ಮೇಕೆ ಇನ್ನೊಬ್ರು" ಎಂದರು.

ನನ್ನ ಕೆಲಸ ಅಲ್ಲಿಗೆ ತೀರ್ಮಾನವಾಯಿತು. ಬೇಕಾದದ್ದು ಅಗಲದ ಫೋಟೋ ಅಲ್ಲ, ಉದ್ದದ ಫೋಟೋ. ಗೋಡೆಗೆ ಹಾಕುವುದಲ್ಲ, ತೊಡೆಯ ಮೇಲೆ ಸುತ್ತಿ ಬಿಚ್ಚುವುದು. ಗಾಜು ಬೇಡ, ಹೊಳಪು ಬೇಡ, ಬೆಳ್ಳಗೆ ಮಾಡುವ ಆಟ ಬೇಡವೇ ಬೇಡ.

ಮೈಸೂರಿನ ಪ್ರಿಂಟರ್ ಅಂಗಡಿಯಲ್ಲಿ ಜಗಳ ಶುರುವಾದದ್ದು ನಮ್ಮಿಬ್ಬರ ನಡುವೆಯೇ. ಅಲ್ಲಿ ನಲವತ್ತನಾಲ್ಕು ಇಂಚಿನ ಮೆಷಿನ್ ಒಂದು ಆನೆಯ ಹಾಗೆ ನಿಂತಿತ್ತು. ಯಜಮಾನರು ಅದರ ಸುತ್ತ ಪ್ರದಕ್ಷಿಣೆ ಹಾಕಿದರು. ಸೇಲ್ಸ್‌ನವನು ಅವರ ಕಣ್ಣು ನೋಡಿಯೇ ಮಾತು ಶುರು ಮಾಡಿದ, ಪೋಸ್ಟರ್, ಬ್ಯಾಕ್‌ಡ್ರಾಪ್, ಕ್ಯಾನ್ವಾಸ್, "ಮೇಡಂ, ಫ್ಯೂಚರ್ ನೋಡ್ಬೇಕು" ಎಂದ. ಗಿಣಿಯ ಚಿತ್ರ ಒಂದನ್ನು ಹಾಕಿ ತೋರಿಸಿದ. ಗಿಣಿ ಯಾವ ಮೆಷಿನ್ನಿನಲ್ಲೂ ಚೆನ್ನಾಗಿಯೇ ಬರುತ್ತದೆ. ನಾನು ಪೆನ್‌ಡ್ರೈವ್ ತೆಗೆದು ನನ್ನ ಫೈಲ್ ಕೊಟ್ಟೆ. ಅದರಲ್ಲಿ ಬಿಸಿಲಲ್ಲಿ ದುಡಿದ ಕಪ್ಪು ಮುಖ, ಗೋಧಿ ಬಣ್ಣದ ಮುಖ, ಬಿಳಿ ಪಂಚೆ, ಎಣ್ಣೆ ಹಚ್ಚಿದ ಕೂದಲು, ಕೆಂಪು ರೇಷ್ಮೆ ಸೀರೆ ಎಲ್ಲ ಇದ್ದವು. ಎಣ್ಣೆ ಹಚ್ಚಿದ ಕೂದಲೂ ಕಪ್ಪು, ಅದರ ಹಿಂದಿನ ನೆರಳೂ ಕಪ್ಪು. ಎರಡೂ ಬೇರೆಬೇರೆಯಾಗಿ ಕಂಡರೆ ಮಾತ್ರ ಆ ಮೆಷಿನ್ ನನ್ನ ಮೆಷಿನ್ನು.

ನಲವತ್ತನಾಲ್ಕರಲ್ಲೂ ಅದು ಚೆನ್ನಾಗಿ ಬಂತು, ಪಕ್ಕದ ಇಪ್ಪತ್ತನಾಲ್ಕು ಇಂಚಿನದರಲ್ಲೂ ಅಷ್ಟೇ ಚೆನ್ನಾಗಿ ಬಂತು. ಇಂಕು ಎರಡಕ್ಕೂ ಒಂದೇ ಜಾತಿ. ರೋಲ್ ಕಾಗದ ಎಷ್ಟು ಉದ್ದದವರೆಗೆ ಒಂದೇ ಚಿತ್ರವಾಗಿ ಹೋಗುತ್ತದೆ ಎಂದು ಕೇಳಿದೆ. ರೋಲ್ ಮುಗಿಯುವವರೆಗೂ ಎಂದ. ಹಾಕಿ ತೋರಿಸು ಎಂದೆ. ಅವನು ಮ್ಯಾನೇಜರ್ ಮುಖ ನೋಡಿದ. ಯಳಂದೂರಿನವರು ನನಗೆ ಕಲಿಸಿದ ಪಾಠ ಅದು, ನಾನು ಅಲ್ಲಾಡಲಿಲ್ಲ. ಅಗ್ಗದ ಕಾಗದದ ರೋಲಿನ ಮೇಲೆ ಒಂದು ಗೆರೆಯನ್ನು ಅಂಗಡಿಯ ಈ ತುದಿಯಿಂದ ಆ ತುದಿಯವರೆಗೆ ಎಳೆಸಿದೆ. ವೇಸ್ಟ್ ಇಂಕಿನ ಡಬ್ಬಿಯನ್ನು ನಾವೇ ಬದಲಿಸಬಹುದೇ, ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ನಡೆಯುತ್ತದೆಯೇ ಎಂಬುದನ್ನೂ ನೋಡಿಕೊಂಡೆ.

ಯಜಮಾನರಿಗೆ ಇನ್ನೂ ಆನೆಯ ಮೇಲೇ ಮನಸ್ಸು. "ನಮ್ ಸ್ಟುಡಿಯೋ ಮೆಟ್ಲು ತಿರುವ್ನಲ್ಲಿ ಬೀರು ತಿರುಗ್ನಿಲ್ಲ, ಇದು ಎಂಗ್ರೀ ತಿರುಗ್ತದೆ?" ಎಂದು ಕೇಳಿದೆ. ಟೇಪ್ ತರಿಸಿ ಅಳೆದರು. ಅವತ್ತು ಧನಗೆರೆಯಿಂದ ಬಂದು ಸ್ಟುಡಿಯೋ ಕಾಯುತ್ತಿದ್ದ ಅತ್ತೆಗೆ ಫೋನ್ ಮಾಡಿ ಮೆಟ್ಟಿಲ ಅಗಲ ಅಳೆಸಿದರು. ಅತ್ತೆ ಮೊಳದಲ್ಲಿ ಹೇಳಿದರು, ಇವರು ಇಂಚಿಗೆ ಇಳಿಸಿಕೊಂಡರು. ಆನೆ ಹಿಡಿಸುವುದಿಲ್ಲ ಎಂದಾಯಿತು. ಆಗ ಅವರು ಆ ಸೇಲ್ಸ್‌ನವನಿಗೆ ಹೇಳಿದ ಮಾತು ನನಗೆ ಇಷ್ಟವಾಯಿತು. "ನಾವ್ ತೋರುಸ್ಬೇಕಾಗಿರಾದು ಒಂದ್ ಜೊತೆ ಕಣ್ಗೆ ಕಣಪ್ಪ. ಆ ಕಣ್ಗೆ ಇಷ್ಟು ಸಾಕು" ಎಂದರು. ದಪ್ಪ ತಲೆಯಾದರೂ ಮಾತು ಒಳಗೆ ಇಳಿದರೆ ಗಟ್ಟಿಯಾಗಿ ನಿಲ್ಲುತ್ತದೆ.

ಮೆಷಿನ್ ಬಂದ ದಿನ ಅತ್ತೆ ಮತ್ತೆ ಧನಗೆರೆಯಿಂದ ಬಂದರು. ಪೂಜೆಯಾಗದೆ ಗುಂಡಿ ಒತ್ತಕೂಡದು ಎಂದರು. ಕಾಗದದ ರೋಲನ್ನು ಆಗಲೇ ಏರಿಸಿ ಆಗಿತ್ತು. ಮುಚ್ಚಳದ ಮೇಲೆ ಮೂರು ಬೆರಳಲ್ಲಿ ವಿಭೂತಿ ಪಟ್ಟೆ ಬಿತ್ತು, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಹಾರ. ಸಾಂಬ್ರಾಣಿ ಹೊಗೆಯಲ್ಲಿ ಮೆಷಿನ್ ಕಾಣದಂತಾಯಿತು. ನಿಂಬೆಹಣ್ಣು ಒಂದನ್ನು ಕಟ್ಟಲು ಜಾಗ ಹುಡುಕುತ್ತಿದ್ದರು, ಹೇಗೋ ತಪ್ಪಿಸಿದೆ. ಆಮೇಲೆ ಗುಂಡಿ ಒತ್ತಿದೆ.

ಮೊದಲ ಪ್ರಿಂಟ್ ನೋಡಿ ಮೈ ಜುಮ್ಮೆಂದಿತು, ಅಷ್ಟು ಚೆನ್ನಾಗಿತ್ತು. ಕೂದಲ ಕಪ್ಪು ಬೇರೆ, ನೆರಳಿನ ಕಪ್ಪು ಬೇರೆ. ಹತ್ತಿರ ಹೋಗಿ ನೋಡಿದರೆ ಮುಖದ ಮೇಲೆ ಅಲ್ಲಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕಿಗಳು. ಮುಖಕ್ಕೆ ಅಮ್ಮ ಎದ್ದ ಹಾಗೆ. ಹೆಡ್ಡಿನ ತೂತು ಕಟ್ಟಿದೆ ಎಂದು ತೀರ್ಮಾನಿಸಿ ಕ್ಲೀನಿಂಗ್ ಹಾಕಿದೆ. ಮತ್ತೆ ಚುಕ್ಕಿ. ಇನ್ನೂ ಜೋರಾದ ಕ್ಲೀನಿಂಗ್ ಹಾಕಿದೆ. ಇಂಕು ಹರಿದು ಡಬ್ಬಿ ಸೇರಿತು, ಚುಕ್ಕಿ ಇದ್ದಲ್ಲೇ ಇದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ತೂತುಗಳು ತೆರೆದಿವೆಯೇ ಎಂದು ನೋಡುವ ನಾಜಲ್ ಪರೀಕ್ಷೆಯ ಗೆರೆಗಳು ಒಂದೂ ಮುರಿದಿರಲಿಲ್ಲ. ಮೆಷಿನ್ ಸರಿಯಾಗಿದ್ದು ಚುಕ್ಕಿ ಎಲ್ಲಿಂದ ಬಂತು? ಅಜ್ಜಿಯ ಕಣ್ಣು ನೆನಪಾಯಿತು. ಯಳಂದೂರಿಗೆ ಫೋನ್ ಮಾಡಿದೆ.

"ಚುಕ್ಕಿ ಬೆಳ್ಳಗೋ, ಬಣ್ಣವೋ?" ಎಂದು ಕೇಳಿದರು. ಬೆಳ್ಳಗೆ ಎಂದೆ. "ಪೂಜೆ ಮಾಡುದ್ರಾ?" ಎಂದರು. ಮಾಡಿದೆವು ಎಂದೆ. ಆ ಕಡೆಯಿಂದ ನಗು ನಿಲ್ಲಲೇ ಇಲ್ಲ. "ಈಬೂತಿ ಉದ್ರಿರ್ತದೆ ಅಮ್ಮ ಕಾಗ್ದದ ಮ್ಯಾಲೆ. ಪುಡಿ ಮ್ಯಾಲೆ ಇಂಕು ಕೂರ್ತದೆ, ಆಮ್ಯಾಕೆ ಪುಡಿ ಉದ್ರೋಯ್ತದೆ, ಕೆಳಗ್ಲ ಬಿಳಿ ಕಾಗ್ದ ಕಾಣ್ತದೆ. ನಾನೂ ಮೊದಲ್ನೇ ದಿನ ನಮ್ಮದ್ಕೆ ಕುಂಕುಮ ಕುಡ್ಸಿದ್ದೆ. ಮೆಷಿನ್ಗೆ ಮಾಡ್ಬ್ಯಾಡಿ, ಕೆಳಗ್ಲ ಸ್ಟ್ಯಾಂಡಿಗೆ ಮಾಡಿ."

ಇದನ್ನು ಅತ್ತೆಗೆ ಹೇಗೆ ಹೇಳುವುದೆಂದು ನಾನು ಯೋಚಿಸುವ ಮೊದಲೇ ಅವರು ಎದ್ದು, ಒದ್ದೆ ಬಟ್ಟೆ ಹಿಂಡಿ, ಮುಚ್ಚಳ ಒರೆಸತೊಡಗಿದ್ದರು. ಫೋನಿನ ನಗು ಅವರಿಗೂ ಕೇಳಿಸಿತ್ತು. "ಪಾದಕ್ಕೆ ಮಾಡುದ್ರೆ ತಲೆಗೆ ಸೇರಾಕಿಲ್ವಾ? ಸೇರ್ತದೆ ಬುಡು" ಎಂದು ಸ್ಟ್ಯಾಂಡಿನ ನಾಲ್ಕು ಗಾಲಿಗೂ ಹೊಸದಾಗಿ ವಿಭೂತಿ ಇಟ್ಟರು. ರೋಲಿನ ಹೊರಸುತ್ತನ್ನು ಕತ್ತರಿಸಿ ಎಸೆದು, ಒಳದಾರಿಯನ್ನು ಮೆತ್ತನೆಯ ಬ್ರಷ್ಷಿನಲ್ಲಿ ಗುಡಿಸಿ ಮತ್ತೆ ಹಾಕಿದೆ. ಮುಖ ತಿಳಿಯಾಗಿ ಬಂತು. ಇಂದಿಗೂ ನಮ್ಮ ಪ್ರಿಂಟರಿಗೆ ಪೂಜೆ ಪಾದಕ್ಕೇ ನಡೆಯುತ್ತದೆ.

ಇನ್ನು ಫೋಟೋ ತೆಗೆಯುವುದು. ಎಲ್ಲರನ್ನೂ ಒಟ್ಟಿಗೆ ತೆಗೆದರೆ ಮುಖ ಸಣ್ಣದಾಗುತ್ತದೆ. ಒಬ್ಬೊಬ್ಬರನ್ನೇ ಒಂದೇ ದೂರದಲ್ಲಿ, ಒಂದೇ ಬೆಳಕಿನಲ್ಲಿ ತೆಗೆದು, ಹೆಗಲಿಗೆ ಹೆಗಲು ತಾಗುವಂತೆ ಕಂಪ್ಯೂಟರಿನಲ್ಲಿ ಜೋಡಿಸುವುದೆಂದು ಆಯಿತು. ರಾಮಾಪುರದ ಶಾಲೆಯ ಗೋಡೆಯ ನೆರಳಿನಲ್ಲಿ ಯಜಮಾನರು ಕ್ಯಾಮೆರಾ ನೆಟ್ಟರು. ನಿಲ್ಲುವ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿದರು. ಯಾರ ಪಕ್ಕ ಯಾರು ಎಂಬ ಪ್ರಶ್ನೆ ಬಂದಾಗ ಹುಟ್ಟಿದ ವರಸೆಯಲ್ಲೇ ಇರಲಿ ಎಂದು ಅಜ್ಜಿ ಹೇಳಿದರು. ಅಲ್ಲಿ ಶುರುವಾಯಿತು ಗಲಾಟೆ. ಅರ್ಧ ಊರಿನ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಜೂನ್ ಒಂದು. ತಲೆ ನರೆತ ಇಬ್ಬರು "ನಾನ್ ದೊಡ್ಡೋನು ಕಣ್ಲಾ", "ಲೇ, ನೀನ್ ನನ್ ಹಿಂದ್ಲೋನು" ಎಂದು ನಿಂತುಬಿಟ್ಟರು.

ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಇಬ್ಬರನ್ನೂ ಹತ್ತಿರ ಕರೆದು ದನಿ ಕೇಳಿದರು. "ನೀನು ರಾಗಿ ಕುಯ್ಲಲ್ಲಿ. ರಾಗಿ ಕಣದಿಂದ್ಲೇ ನನ್ನ ಕರ್ಕ ಬಂದ್ರು. ಇವ ಅದ್ರ ಹಿಂದ್ಲ ಬ್ಯಾಸ್ಗೆ. ಓಗು, ಅವ್ನ ಹಿಂದಕ್ಕೆ ನಿಂತ್ಕ" ಎಂದರು. ಅವರು ಪಂಚೆ ಸರಿಮಾಡಿಕೊಂಡು ಹಿಂದಕ್ಕೆ ಹೋಗಿ ನಿಂತರು. ಹೀಗೆ ಪೊಲೀಸ್ ಕೆಲಸದವರು, ಗಾರೆ ಕೆಲಸದವರು, ಬಾಳೆ ಮಂಡಿಯವರು, ಸೊಂಟದ ಮೇಲೆ ಮಗು ಹೊತ್ತ ಹೆಂಗಸರು, ಅಜ್ಜಿಯನ್ನು ಪಾಟಿ ಎಂದು ಕರೆಯುವ ತಮಿಳು ಮನೆಯವರು ಎಲ್ಲರೂ ತಮ್ಮ ತಮ್ಮ ಸರದಿ ಹಿಡಿದು ಬಂದು ಸುಣ್ಣದ ಗುರುತಿನ ಮೇಲೆ ನಿಂತರು. ಒಬ್ಬೊಬ್ಬರು ನಿಂತಾಗಲೂ ಅಜ್ಜಿ ಅವರ ಹುಟ್ಟಿನದೊಂದು ಮಾತು ಹೇಳಿದರು. ನಮ್ಮ ಯಜಮಾನರ ಸರದಿ ಬಂದಾಗ ಕ್ಯಾಮೆರಾ ಗುಂಡಿ ನಾನು ಒತ್ತಿದೆ.

ಜೋಡಿಸುವ ಕೆಲಸ ನನ್ನದು. ಯಾರ ಮುಖವನ್ನೂ ಬೆಳ್ಳಗೆ ಮಾಡಲಿಲ್ಲ, ಮಚ್ಚೆ ಅಳಿಸಲಿಲ್ಲ, ಸುಕ್ಕು ನೀವಲಿಲ್ಲ. ಮುಖ ಬಟ್ಟೆಯಿಂದ, ಬಟ್ಟೆ ಗೋಡೆಯಿಂದ ಬಿಡಿಸಿ ಕಾಣುವಷ್ಟು ನೆರಳು ಬೆಳಕು ಸರಿ ಮಾಡಿದೆ, ಅಷ್ಟೆ. ಮಾನಿಟರಿನ ಬಣ್ಣ ಕಾಗದದ ಬಣ್ಣಕ್ಕೆ ಸಮ ಬರುವವರೆಗೆ ತುಂಡುಪ್ರಿಂಟ್ ಹಾಕುತ್ತಾ ಹೋದೆ. ಇಪ್ಪತ್ತನಾಲ್ಕು ಇಂಚಿನ ಅಗಲದಲ್ಲಿ ಎರಡು ಸಾಲು ಒಂದರ ಕೆಳಗೊಂದು ಹಿಡಿಸಿದವು. ಮೇಲಿನ ಸಾಲು ಮೊದಲು ಹುಟ್ಟಿದವರು, ಕೆಳಗಿನದು ಆಮೇಲಿನವರು. ಪ್ರತಿ ಮುಖಕ್ಕೂ ಅಜ್ಜಿಯ ಗೇಣು. ಇಂಚಿನ ಲೆಕ್ಕದಲ್ಲಿ ಅದು ಏಳೂವರೆ.

ಗುಂಡಿ ಒತ್ತಿ ಸ್ಟೂಲ್ ಹಾಕಿಕೊಂಡು ಮೆಷಿನ್ ಮುಂದೆ ಕೂತೆ. ಹೆಡ್ಡು ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತಿತ್ತು. ಮೊದಲು ಹಣೆ, ಆಮೇಲೆ ಹುಬ್ಬು, ಆಮೇಲೆ ಕಣ್ಣು ಎಂದು ಬರುತ್ತದೆಂದುಕೊಂಡಿದ್ದೆ. ಚಿತ್ರ ಅಡ್ಡ ಮಲಗಿದ್ದರಿಂದ ಮೊದಲು ಬಂದದ್ದು ಒಂದು ಹೆಗಲು, ಆಮೇಲೆ ಕಿವಿ, ಆಮೇಲೆ ಕೆನ್ನೆ, ಆಮೇಲೆ ಇಡೀ ಮನುಷ್ಯ. ಎರಡೂ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು, ಅಜ್ಜಿಯ ಕೈಗೆ ಬಂದ ವರಸೆಯಲ್ಲೇ ಕಾಗದದ ಮೇಲೂ ಬಂದರು. ಅತ್ತೆ ಪಕ್ಕದಲ್ಲಿ ಕೂತು ತಮ್ಮ ತವರಿನವರನ್ನು ಗುರುತು ಹಿಡಿಯುತ್ತಿದ್ದರು. ನಡುವೆ ಕರೆಂಟ್ ಹೋಯಿತು, ಇನ್ವರ್ಟರ್ ಕಿರುಗುಟ್ಟಿ ಹಿಡಿದುಕೊಂಡಿತು, ಮೆಷಿನ್ ಒಂದು ಗೆರೆಯನ್ನೂ ತಪ್ಪಲಿಲ್ಲ. ಯಂತ್ರಕ್ಕೆ ಕೈ ಮುಗಿಯುವುದನ್ನು ಕಂಡು ನಗುತ್ತಿದ್ದವಳು ನಾನು. ಅವತ್ತು ಮುಗಿಯಬೇಕೆನಿಸಿತು, ಮುಗಿದೆ.

ಮ್ಯಾಟ್ ಕಾಗದದ ಮೇಲೆ ಕೈ ಆಡಿದರೆ ಇಂಕು ಸವೆಯುತ್ತದೆ ಎಂದು ಯಳಂದೂರಿನವರು ಎಚ್ಚರಿಸಿದ್ದರು. ಅಜ್ಜಿ ಕೈ ಆಡಿಸದೆ ನೋಡುವವರಲ್ಲ. ಅವರೇ ಬಂದು, ಹೊಳಪು ಬಾರದ ರಕ್ಷಣೆಯ ಸ್ಪ್ರೇ ತೆಳ್ಳಗೆ ಹೊಡೆದು, ಒಣಗಿದ ಮೇಲೆ ಇನ್ನೊಂದು ಕೈ ಹೊಡೆದು ಕೊಟ್ಟರು. ಎರಡು ಸಾಲನ್ನು ಉದ್ದಕ್ಕೆ ಕತ್ತರಿಸುವಾಗ ಸ್ಕೇಲ್ ಹಿಡಿದವರೂ ಅವರೇ. ಸೀರೆ ನೇಯುವ ಪರಿಚಯದವರ ಮನೆಯಿಂದ ನುಣುಪಾದ ಕೋಲುಗಳನ್ನು ತಂದು ಎರಡೂ ತುದಿಗೆ ಅಂಟಿಸಿದೆವು. ಆಮೇಲೆ ಸುತ್ತಿದೆವು. ನನ್ನ ಕೆಲಸದಲ್ಲಿ ನನಗೆ ಹೆಮ್ಮೆ ಎನಿಸಿದ್ದು ಕಡಿಮೆ. ಆ ಎರಡು ಸುರುಳಿ ಕೈಯಲ್ಲಿ ಹಿಡಿದಾಗ ಎನಿಸಿತು.

ಅಜ್ಜಿಯ ತೊಡೆಯ ಮೇಲೆ ಮಣೆಯೊಂದನ್ನು ಇಟ್ಟು, ಒಂದು ಕೋಲು ಮೊಮ್ಮಗಳು, ಇನ್ನೊಂದು ಕೋಲು ನಾನು ಹಿಡಿದು ಬಿಚ್ಚಿದೆವು. ಅವರ ಬೆರಳು ಮೊದಲ ಮುಖದ ಮೇಲೆ ನಿಂತಿತು. ಹೆಸರು ಹೇಳಲಿಲ್ಲ. "ಇವ್ನೇ ಮೊದ್ಲು. ನಂಗೆ ಆಗ ಕೈ ನಡುಗ್ತಿತ್ತು" ಎಂದರು. ಮುಂದಿನದು, "ಕಾಲ್ ಮುಂದಾಗಿ ಬಂದೋನು." ಅದರ ಮುಂದಿನದು, "ಇವ್ಳು ಅಳ್ನೇ ಇಲ್ಲ, ತಟ್ಟಿ ತಟ್ಟಿ ಅಳುಸ್ದೆ. ಈಗ ನೋಡು, ಎಂಗೆ ನಗ್ತಾವ್ಳೆ." ಗೇಣಿಗೊಬ್ಬರು ಸರಿದರು. ಒಂದು ಸಾಲೂ ಮುಗಿಯುವ ಮೊದಲೇ ಅಜ್ಜಿ ಸಾಕು ಎಂದರು. ಕಣ್ಣು ನೋಯುತ್ತದೆಯೇ ಎಂದು ಕೇಳಿದೆ. ಇಲ್ಲ, ನಾಳೆಗೂ ಇರಲಿ ಎಂದರು. ಆಮೇಲೆ ದಿನಕ್ಕೆ ಒಂದಷ್ಟು ಜನರನ್ನು ನೋಡುತ್ತಾರೆ, ಮುಗಿದ ಮೇಲೆ ಮತ್ತೆ ಮೊದಲಿಂದ ಸುತ್ತುತ್ತಾರೆ ಎಂದು ಮೊಮ್ಮಗಳು ಫೋನಿನಲ್ಲಿ ಹೇಳುತ್ತಿದ್ದಳು.

ಮೊನ್ನೆ ನಾವಿಬ್ಬರೂ ಹೋಗಿದ್ದೆವು. ನೋಟ ಪೂರ್ತಿ ಹೋಗಿದೆ ಎಂದು ಮೊಮ್ಮಗಳು ಬಾಗಿಲಲ್ಲೇ ಪಿಸುಗುಟ್ಟಿದಳು. ಒಳಗೆ ಪಕ್ಕದ ಮನೆಗೆ ಬಾಣಂತನಕ್ಕೆ ಬಂದ ಹುಡುಗಿ ಮಗು ಎತ್ತಿಕೊಂಡು ಅಜ್ಜಿಯ ಎದುರು ಕೂತಿದ್ದಳು. ಅಜ್ಜಿಯ ತೊಡೆಯ ಮೇಲೆ ಮಣೆ, ಮಣೆಯ ಮೇಲೆ ಸುರುಳಿ. ಅವರು ತುದಿಯ ಕೋಲು ತಡವಿ, ಅಲ್ಲಿಂದ ಗೇಣು ಹಾಕುತ್ತಾ ಬಂದರು. ಒಂದೊಂದು ಗೇಣಿಗೂ ಒಂದು ಹುಟ್ಟು ಹೇಳಿದರು. ಬೆರಳ ಕೆಳಗೆ ಇದ್ದವರು ಅವರೇ, ಒಬ್ಬರೂ ತಪ್ಪಲಿಲ್ಲ. ಆ ಹುಡುಗಿಯ ಅಪ್ಪನ ಮುಖ ಬಂದಾಗ ಕೈ ನಿಲ್ಲಿಸಿ, ಕಾಗದವನ್ನು ಅವಳ ಕಡೆಗೆ ಎತ್ತಿ ತೋರಿಸಿದರು. ಅಜ್ಜಿಯ ಕಾಣದ ಕಣ್ಣುಗಳನ್ನೇ ನೋಡುತ್ತಾ ಅವಳು ಅಳುತ್ತಿದ್ದಳು, ಮಾತಾಡಲಿಲ್ಲ.

"ಯಾಕವ್ವ ಸುಮ್ಕಿದ್ದೀಯ?" ಎಂದರು ಅಜ್ಜಿ. "ನಿಂಗೆ ಕಾಣ್ತಾ ಇಲ್ವಾ? ಇನ್ನೂ ವಸಿ ಅತ್ರ ಹಿಡೀಲಾ?"